ಬಾಗಿಲ ಮುಂದಿನ ಬೂಟುಗಳು

ಮೋಡಗಳ ಎತ್ತರದಲ್ಲಿದ್ದ ಆ ತಂಗುಮನೆಯನ್ನು ನೋಡಿಕೊಳ್ಳುತ್ತಿದ್ದವನನ್ನು, ಬೆಟ್ಟ ಹತ್ತಲು ಬಂದವರೆಲ್ಲ ಬೆಚ್ಚಣ್ಣ ಎಂದೇ ಕರೆಯುತ್ತಿದ್ದರು. ಕೊಠಡಿಗಳನ್ನು ಬೆಚ್ಚಗಿಡುವುದೇ ಅವನ ಕಸುಬು. ನೆಲಮಾಳಿಗೆಯ ಸೌದೆ ಬಾಯ್ಲರಿನಲ್ಲಿ ನೀರು ಕಾಯುತ್ತಿತ್ತು. ಪಂಪು ಅದನ್ನು ಕೊಳವೆಗಳ ಮೂಲಕ ಒಂದೊಂದು ಕೊಠಡಿಗೂ ತಳ್ಳುತ್ತಿತ್ತು. ಸೌದೆಯ ವಿಷಯಕ್ಕೆ ಬಂದರೆ ಮಾತ್ರ ಅವನು ಎಂಜಲು ಕೈಯಲ್ಲಿ ಕಾಗೆ ಓಡಿಸುವವನಲ್ಲ. ಬಾಗಿಲ ಮುಂದೆ ಬೂಟು ಕಂಡರೆ ಒಳಗೆ ಜನ ಇದ್ದಾರೆಂದು ಅರ್ಥ. ಬೂಟಿಲ್ಲದಿದ್ದರೆ ಕೊಠಡಿ ಖಾಲಿ. ಕಾರಿಡಾರಿನಲ್ಲಿದ್ದ ಅದರ ವಾಲ್ವನ್ನು ತಿರುಗಿಸಿ ಮುಚ್ಚಿಬಿಡುತ್ತಿದ್ದ. ಉಳಿದ ಬಿಸಿ ಜನರಿರುವ ಕಡೆಗೆ ಹೋಗುತ್ತಿತ್ತು.

ಮದುವೆಯಾದ ಹೊಸದರಲ್ಲೇ ಅವನೊಂದಿಗೆ ಮೇಲೆ ಬಂದ ಹೆಂಡತಿ ಅಲ್ಲಿ ಅಡುಗೆ ಮಾಡುತ್ತಿದ್ದಳು, ಕಸ ಗುಡಿಸುತ್ತಿದ್ದಳು. ಕಿಟಕಿ ತೆರೆದರೆ ಮೋಡ ಒಳಗೆ ಬಂದು ಒಲೆಯ ಪಕ್ಕ ನಿಂತುಬಿಡುತ್ತಿತ್ತು; ಅದರಲ್ಲಿ ಅವಳು ಮಸುಕಾಗಿ ಓಡಾಡುವುದನ್ನು ನೋಡುತ್ತ ಕೂರುವುದೆಂದರೆ ಅವನಿಗೆ ಇಷ್ಟ. ಈಚೆಗೆ ಅವಳು ಓಡಾಡುವುದು ಕಡಿಮೆಯಾಗಿತ್ತು. ಮೆಟ್ಟಿಲಿನ ನಡುವೆಯೇ ಕೂತು, ನಿದ್ದೆಯಲ್ಲಿರುವವಳಂತೆ ನಗುತ್ತಿದ್ದಳು. ತುಟಿ ನೀಲಿಗಟ್ಟಿತ್ತು, ಪಾದ ಊದಿತ್ತು.

ಬೆಟ್ಟ ಹತ್ತಲು ಬಂದ ಡಾಕ್ಟರಮ್ಮ ಒಬ್ಬರು ಇದನ್ನು ಕಂಡು ಅವನನ್ನು ಕೂರಿಸಿಕೊಂಡು ಹೇಳಿದರು. ಶ್ವಾಸಕೋಶದ ರಕ್ತನಾಳಗಳ ಗೋಡೆಯಲ್ಲಿ, ಒಂದೊಂದು ಜೀವಕೋಶಕ್ಕೂ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆಯಂತೆ. ಆಮ್ಲಜನಕ ಕಡಿಮೆಯಾದರೆ ಪೊಟ್ಯಾಸಿಯಂ ಹೊರಗೆ ಹೋಗುವ ಬಾಗಿಲು ಮುಚ್ಚಿಕೊಳ್ಳುತ್ತದಂತೆ; ಅದು ಮುಚ್ಚಿದರೆ ಕ್ಯಾಲ್ಸಿಯಂ ಒಳಗೆ ಬರುವ ಬಾಗಿಲು ತೆರೆದು, ನಾಳ ಬಿಗಿಯುತ್ತದಂತೆ. ಗಾಳಿ ಬಾರದ ಮೂಲೆಗೆ ರಕ್ತ ಕಳಿಸಿದರೆ ದಂಡ, ಗಾಳಿಯಿರುವ ಕಡೆಗೇ ಹೋಗಲಿ ಎಂಬ ಜಾಣತನ ಅದು.

ಬೆಚ್ಚಣ್ಣ ಹಿಗ್ಗಿ ಹೀರೇಕಾಯಿಯಾದ. "ನಮ್ಮನೆಯವಳ ಶ್ವಾಸಕೋಶ ನನ್ನ ಹತ್ರಾನೇ ಕೆಲಸ ಕಲ್ತಿದೆ ಬಿಡಿ," ಎಂದ.

ಡಾಕ್ಟರಮ್ಮ ನಗಲಿಲ್ಲ. ಈ ಎತ್ತರದಲ್ಲಿ ಎಲ್ಲ ಕಡೆಯೂ ಗಾಳಿ ತೆಳು, ಅವಳ ನಾಳಗಳೆಲ್ಲ ವರ್ಷಗಟ್ಟಲೆ ಬಿಗಿದೇ ಇವೆ, ಅದರೊಳಗೆ ರಕ್ತ ತಳ್ಳಿ ತಳ್ಳಿ ಹೃದಯ ಸೋತಿದೆ ಎಂದರು. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಕೆಳಗಿಳಿಯದಿದ್ದರೆ ಅವಳು ಉಳಿಯುವುದು ಕಷ್ಟ ಎಂದೂ ಹೇಳಿ ಹೊರಟುಹೋದರು.

ಅವನು ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಕೆಳಗೆ ಅವನಿಗೇನಿತ್ತು? ಭಾವಮೈದುನನ ಮನೆಯ ಹಿಂದಿನ ಕೋಣೆ, ಅಷ್ಟೇ. ಇಲ್ಲಿ ರಾಜನಂತಿದ್ದವನು ಅಲ್ಲಿ ಹೋಗಿ ಬಿಟ್ಟಿ ಕೂಳು ತಿನ್ನುವುದೇ? ಹೆಂಡತಿಯೂ ಒತ್ತಾಯ ಮಾಡಲಿಲ್ಲ. ಅವನಿಲ್ಲದೆ ಒಬ್ಬಳೇ ಇಳಿಯುವುದಿಲ್ಲ ಎಂದಷ್ಟೇ ಹೇಳಿದಳು.

ಮೋಡ ಮನೆಯನ್ನೇ ನುಂಗಿದ್ದ ಒಂದು ಮಧ್ಯಾಹ್ನ, ತಟ್ಟೆ ಹಿಡಿದು ಬರುತ್ತಿದ್ದ ಅವಳು ಯಾರದೋ ಬೂಟಿಗೆ ಎಡವಿ ಕಾರಿಡಾರಿನಲ್ಲೇ ಕುಸಿದಳು. ಅವಳು ಎದ್ದು ಹೋದ ಮೇಲೆ ತಂಗಿದ್ದವರೆಲ್ಲ ಅಯ್ಯೋ ಪಾಪ, ಮತ್ತೆ ಎಡವದಿರಲಿ ಎಂದುಕೊಂಡು ತಮ್ಮ ತಮ್ಮ ಬೂಟುಗಳನ್ನು ಒಳಗಿಟ್ಟುಕೊಂಡು ಮಲಗಿದರು. ಇದ್ಯಾವುದೂ ಬೆಚ್ಚಣ್ಣನಿಗೆ ಗೊತ್ತಿರಲಿಲ್ಲ. ಹೊರಗಿನಿಂದ ಬಂದವನು ಬಿಳಿಯ ಮೋಡದೊಳಗೆ ಕೈಯಾಡಿಸುತ್ತ ನಡೆದ. ಯಾವ ಬಾಗಿಲ ಮುಂದೆಯೂ ಬೂಟಿಲ್ಲ. ಎಲ್ಲರೂ ಬೆಟ್ಟಕ್ಕೆ ಹೋಗಿದ್ದಾರೆ ಎಂದುಕೊಂಡು ಒಂದೊಂದೇ ವಾಲ್ವು ಮುಚ್ಚುತ್ತ ಹೋದ. ಹೆಜ್ಜೆಯ ಸದ್ದೂ ಕೇಳುತ್ತಿರಲಿಲ್ಲ, ಕನಸಿನಲ್ಲಿ ನಡೆದಂತಿತ್ತು. ಕೊನೆಯದನ್ನು ಮುಚ್ಚುತ್ತಿದ್ದಂತೆ ಕೆಳಗಿನಿಂದ ನರಳುವ ಸದ್ದು ಬಂತು.

ಅವನು ನೆಲಮಾಳಿಗೆಗೆ ಓಡಿದ. ಪಂಪು ನಡುಗುತ್ತಿತ್ತು, ಕೊಳವೆಯ ಸಂದಿಯಿಂದ ನೀರು ಚಿಮ್ಮುತ್ತಿತ್ತು. ಅಲ್ಲೇ ಬೆಚ್ಚಗೆ ಕೂತಿದ್ದ ಹೆಂಡತಿ ಪಂಪಿನ ಮೇಲೆ ಕೈಯಿಟ್ಟು, ಜ್ವರ ಬಂದ ಮಗುವನ್ನು ತಟ್ಟುವಂತೆ ತಟ್ಟುತ್ತಿದ್ದಳು.

"ರೀ, ಇದೂ ನನ್ ಥರಾನೇ ಏದುಸಿರು ಬಿಡ್ತಿದೆ ನೋಡಿ," ಎಂದಳು. "ಎಲ್ಲಾ ಕಡೆ ಮುಚ್ಚಿಬಿಟ್ರೆ ಪಾಪ, ಎಲ್ಲಿಗೆ ಅಂತ ತಳ್ಳುತ್ತೆ?"

ಡಾಕ್ಟರಮ್ಮನ ಮಾತು ಅವನಿಗೆ ಅರ್ಥವಾದದ್ದು ಆಗ. ಮೇಲೆ ಓಡಿ ವಾಲ್ವುಗಳನ್ನೆಲ್ಲ ತೆರೆದ. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಚಳಿಗೆ ಎಚ್ಚರವಾಗಿ ಕಂಬಳಿ ಹೊದ್ದು ಹೊರಗೆ ಬಂದವರ ಮುಂದೆ ಕೈಮುಗಿದು, ಇವಳನ್ನು ಕೆಳಗಿಳಿಸಲು ಹೆಗಲು ಕೊಡಿ ಎಂದು ಕೇಳಿಕೊಂಡ.

ಬೆಳಗಾಗುತ್ತಲೇ ಅವರೆಲ್ಲ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಸರದಿಯಂತೆ ಹೊತ್ತು, ಬಸ್ಸು ಸಿಗುವ ತಿರುವಿಗೆ ತಲುಪಿಸಿದರು. ಬಸ್ಸು ಸುತ್ತಿ ಸುತ್ತಿ ಇಳಿಯಿತು. ಮೋಡ ಮೇಲೆಯೇ ಉಳಿಯಿತು. ಕಿಟಕಿಯಲ್ಲಿ ಮರಗಳು ಕಾಣಿಸಿಕೊಂಡವು. ಅರೆನಿದ್ದೆಯಲ್ಲಿದ್ದ ಹೆಂಡತಿಯ ಉಸಿರು ಸ್ವಲ್ಪ ಹಗುರಾದಂತಿತ್ತು. ಅವಳು ಕಣ್ಣು ತೆರೆಯದೆಯೇ ಕೇಳಿದಳು:

"ಕೊಠಡಿಗಳೆಲ್ಲಾ ಖಾಲಿ ಅಲ್ವಾ? ವಾಲ್ವು ಮುಚ್ಚಿ ಬಂದ್ರಾ?"

"ಇಲ್ಲ ಕಣೆ. ಎಲ್ಲಾ ತೆಗೆದೇ ಬಂದಿದೀನಿ."

"ಸೌದೆ ದಂಡ," ಎಂದು ಗೊಣಗಿ, ಅವಳು ಅವನ ಹೆಗಲಿಗೆ ತಲೆಯಾನಿಸಿ ನಿದ್ದೆ ಹೋದಳು. ಊರು ಬರುವ ತನಕ ಅವನು ಭುಜ ಅಲುಗಿಸಲಿಲ್ಲ.