ಬೀಗರ ಬಿಳಿ ಕಾರು, ನಮ್ಮ ಮಾಡಿನ ಕೆಂಪು ಬಣ್ಣ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಹೇಳಬಹುದು.

ನಮ್ಮ ಹಟ್ಟಿ ಕೋತಗಿರಿಯಿಂದ ಸ್ವಲ್ಪ ಕೆಳಗಿದೆ. ಮೇಲೆ ರಸ್ತೆ, ರಸ್ತೆಗೆ ಅಂಟಿಕೊಂಡು ಅಂಗಳ, ಅಂಗಳದ ಕೆಳಗೆ ಮನೆ, ಮನೆಯ ಕೆಳಗೆ ಕಣಿವೆಯವರೆಗೆ ನಮ್ಮ ಟೀ ತೋಟ. ಮನೆಗೆ ತಗಡಿನ ಮಾಡು. ಎರಡು ವರ್ಷಕ್ಕೊಮ್ಮೆ ಮಳೆ ಹಿಡಿಯುವ ಮೊದಲು ತಗಡಿಗೆ ಕೆಂಪು ಬಣ್ಣ ಹೊಡೆಯದಿದ್ದರೆ ತುಕ್ಕು ತಿಂದು ಅಡುಗೆಮನೆಯಲ್ಲೇ ಸೋರುತ್ತದೆ. ಈ ಸಲ ಬಣ್ಣದವನು ಬ್ರಷ್ಷಿನಲ್ಲಿ ನಾಲ್ಕು ದಿನದ ಕೆಲಸ ಅಂದ. ನಾಲ್ಕು ದಿನ ಅವನಿಗೆ ಟೀ ಕೊಡುತ್ತಾ ಕೂರಲು ನನಗೆ ಮನಸ್ಸಿರಲಿಲ್ಲ. ಕೊಟ್ಟಿಗೆಯಲ್ಲಿ ಟೀ ಗಿಡಕ್ಕೆ ಔಷಧಿ ಹೊಡೆಯುವ ಮೋಟಾರ್ ಪಂಪು ಇತ್ತು. ಇಡೀ ತೋಟದ ಎಲೆಯ ಅಡಿಯನ್ನೂ ಒಂದೇ ಬೆಳಿಗ್ಗೆ ಒದ್ದೆ ಮಾಡುವ ಪಂಪಿಗೆ ಒಂದು ಮಾಡು ಯಾವ ಲೆಕ್ಕ? ಬಣ್ಣವನ್ನು ನೀರಿನಂತೆ ತೆಳ್ಳಗೆ ಮಾಡಿ ತುಂಬಿದೆ. ಗುರುವಾರ ಬೆಳಿಗ್ಗೆ ಮಗ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಏಣಿ ಹತ್ತಿದ.

ಅಂಗಳದಲ್ಲಿ ಬೀಗರ ಕಾರು ನಿಂತಿತ್ತು. ಬೀಗರು ಎಂದರೆ ಮಗಳ ಅತ್ತೆಮನೆಯವರು, ಕೀಳ್ ಕೋತಗಿರಿ ಕಡೆಯವರು. ಬೇಸಿಗೆಯ ಒಂದು ಮಳೆಗೆ ಅವರ ಮನೆಯ ದಾರಿಯ ತಡೆಗೋಡೆ ಜಾರಿ ಬಿದ್ದಿತ್ತು. ದಾರಿ ಸರಿಹೋಗುವವರೆಗೆ ಕಾರು ನಮ್ಮಲ್ಲಿರಲಿ ಎಂದು ಅಳಿಯ ತಂದು ನಿಲ್ಲಿಸಿ ಕೀಲಿಯನ್ನು ನನ್ನ ಮಗನ ಕೈಗೆ ಕೊಟ್ಟಿದ್ದ. ಬಿಳಿ ಕಾರು, ಹೊಸದು. ಬೀಗಿತ್ತಿ ಅದರೊಳಗೆ ಕೂರುವ ಮುನ್ನ ಎರಡು ಚಪ್ಪಲಿಯನ್ನೂ ಒಂದಕ್ಕೊಂದು ಬಡಿದು ಮಣ್ಣು ಉದುರಿಸುತ್ತಾಳೆ. ಭಾನುವಾರ ಅವಳ ತಮ್ಮನ ಮನೆ ಗೃಹಪ್ರವೇಶ. ಅದಕ್ಕೆ ಕಾರು ಬೇಕು, ಹನ್ನೊಂದು ಗಂಟೆಗೆ ಬರುತ್ತೇವೆ ಎಂದು ಹೇಳಿ ಕಳಿಸಿದ್ದಳು.

ಪಂಪು ಹೊಡೆಯುವುದಕ್ಕೆ ಒಂದು ಕಟ್ಟಳೆ ಇದೆ. ಒಂಬತ್ತು ಗಂಟೆಯ ಮೇಲೆ ಹೊಡೆಯಬಾರದು. ಬಿಸಿಲೇರಿತೆಂದರೆ ಕಣಿವೆಯ ಗಾಳಿ ತಿರುಗಿ ಮೇಲಕ್ಕೆ ಬರುತ್ತದೆ, ಔಷಧಿಯೆಲ್ಲ ಹೊಡೆಯುವವನ ಮುಖಕ್ಕೇ. ಈ ಹಟ್ಟಿಯಲ್ಲಿ ಅರ್ಧ ಜನಕ್ಕೆ ಅದನ್ನು ಹೇಳಿಕೊಟ್ಟವಳು ನಾನು. ಅಂದು ಬೆಳಗಿನ ಗಾಳಿ ಕೆಳಮುಖವಾಗಿತ್ತು. ಮನೆಯ ಕೆಳಗಿನ ಗಿಡಗಳನ್ನು ಆಗತಾನೇ ಕವಾತು ಮಾಡಿ ಬೋಳು ಕಡ್ಡಿ ಬಿಟ್ಟಿದ್ದೆವು, ಬಣ್ಣ ಹಾರಿದರೂ ಹಾಳಾಗಲು ಎಲೆ ಇರಲಿಲ್ಲ. ಎಲ್ಲ ಸರಿಯಾಗೇ ಇತ್ತು.

ಒಂಬತ್ತೂಕಾಲಿಗೆ ಮಗ ಮೇಲಿನಿಂದ ಕೂಗಿದ. "ಅವ್ವೆ, ಗಾಳಿ ತಿರುಗಿತು. ನಿಲ್ಲಿಸಲಾ?"

"ಇನ್ನೆಷ್ಟಿದೆ?"

"ಮೂರು ತಗಡು."

"ಮೂರು ತಗಡಿಗೆ ನಾಳೆ ಮತ್ತೆ ಏಣಿ ಹಾಕ್ತೀಯಾ? ಹೊಡಿ."

ಅವನು ಹೊಡೆದ. ಮಾಡು ದಾಸವಾಳದ ಹಾಗೆ ಕೆಂಪಾಯಿತು. ನಾನು ಸಂತೋಷದಿಂದ ಅಂಗಳಕ್ಕೆ ಬಂದು ನಿಂತು ನೋಡಿದೆ. ಆಮೇಲೆ ತಿರುಗಿ ಕಾರು ನೋಡಿದೆ.

ಮನೆಯ ಕಡೆಗಿದ್ದ ಎಡಮಗ್ಗುಲು ಪೂರ್ತಿ, ಮುಂದಿನ ಬಾನೆಟ್ಟಿನಲ್ಲಿ ಅರ್ಧ, ಅಮ್ಮ ಎದ್ದ ಮಗುವಿನ ಮೈಯಂತೆ ಕೆಂಪು ಚುಕ್ಕೆ. ಧೂಳಿರಬಹುದೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಬೆಳ್ಳಗೇ ಉಳಿಯಿತು. ಬಾಗಿಲ ಮೇಲೆ ಕೈ ಆಡಿಸಿದೆ. ಎಮ್ಮೆಯ ನಾಲಿಗೆಯಷ್ಟು ಒರಟು. ಬಣ್ಣದ ಹನಿ ಗಾಳಿಯಲ್ಲೇ ಅರ್ಧ ಒಣಗಿ ಬಂದು ಕೂತು, ಬಿಸಿಲಿಗೆ ಗಟ್ಟಿಯಾಗಿತ್ತು.

ಮಗ ಏಣಿಯಿಂದ ಇಳಿದು ನೋಡಿದ. "ಇನ್ನು ಅಕ್ಕನ ಕತೆ ಮುಗೀತು" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಮಗಳು ಆ ಮನೆಗೆ ಹೋಗಿ ಒಂಬತ್ತು ವರ್ಷ. ಹಾಲು ಉಕ್ಕಿದರೆ, ತಟ್ಟೆ ಒಡೆದರೆ, ಅನ್ನ ಒಂದು ಹಿಡಿ ತಳ ಹಿಡಿದರೆ, ಬೀಗಿತ್ತಿ ಹೇಳುವುದು ಒಂದೇ. "ತವರಿನ ಕೈ. ಆ ಮನೆಯವರ ಕೆಲಸವೇ ಹೀಗೆ." ಕೆಟ್ಟ ಹೆಂಗಸಲ್ಲ, ಬಾಯಿ ಅಷ್ಟೇ. ಆದರೆ ಒಡೆದ ತಟ್ಟೆಗೇ ಒಂಬತ್ತು ವರ್ಷ ನಡೆದ ಮಾತು, ಕೆಂಪು ಚುಕ್ಕೆಯ ಕಾರಿಗೆ ನನ್ನ ಮಗಳು ಮುದುಕಿಯಾಗುವವರೆಗೆ ನಡೆಯುತ್ತದೆ. ನಾನು ಹೆಣ್ಣು ಕೊಟ್ಟೆ ಎಂದು ಕಣ್ಣೀರು ಹಾಕುವವಳಲ್ಲ. ಆದರೆ ನನ್ನ ತಪ್ಪನ್ನು ಅವಳು ಊಟದ ಜೊತೆ ತಿನ್ನುವುದು ನನಗೆ ಸರಿಕಾಣಲಿಲ್ಲ.

ಅಂದು ಮಧ್ಯಾಹ್ನ ಫೋನಿನಲ್ಲಿ ಅವಳಿಗೆ ಹೇಳಿದೆ. "ಪಕ್ಕದ ಎಸ್ಟೇಟಿನವರು ಏನೋ ಹೊಡೆದರು, ಹಾರಿ ಬಂತು ಅಂತ ಹೇಳಿಬಿಡು ಅವ್ವೆ" ಅಂದಳು.

"ಸುಳ್ಳು ಹೇಳಿದ್ರೆ ಅದನ್ನ ನೆನಪಿಟ್ಕೋಬೇಕು. ಎನಗೆ ಅಷ್ಟು ಪುರುಸೊತ್ತು ಇಲ್ಲೆ. ಚುಕ್ಕೆ ತೆಗೀತೀನಿ."

"ಹೇಗೆ ತೆಗೀತೀಯ?"

"ಗೊತ್ತಿಲ್ಲ. ಫೋನ್ ಇಡು."

ಶುಕ್ರವಾರ ಬೆಳಿಗ್ಗೆ ಮಗ ಕಾರನ್ನು ಕೋತಗಿರಿಯ ಒಂದು ವರ್ಕ್‌ಶಾಪಿಗೆ ಓಡಿಸಿಕೊಂಡು ಹೋದ, ನಾನೂ ಹೋದೆ. ಮಗ ಥಿನ್ನರ್ ಹಾಕಿ ಒರೆಸೋಣವೇ ಎಂದು ಕೇಳಿದ. ವರ್ಕ್‌ಶಾಪಿನವನು ತಮಿಳಿನವನು, ನಮ್ಮ ಮಾತೂ ಅರ್ಧ ಬರುತ್ತದೆ, ಅಜ್ಜಿಗೆ ಮಾತ್ರ ಪಾಟಿ ಎನ್ನುತ್ತಾನೆ. ತಲೆ ಅಲ್ಲಾಡಿಸಿದ. "ಥಿನ್ನರ್ ಹಾಕಿದ್ರೆ ಕೆಂಪೂ ಹೋಗುತ್ತೆ, ಕೆಳಗಿನ ಬಿಳೀನೂ ಹೋಗುತ್ತೆ, ಪಾಟಿ. ಆಮೇಲೆ ಆ ಸೈಡ್ ಪೂರಾ ಪೇಂಟ್ ಮಾಡ್ಬೇಕು. ಹತ್ತು ದಿನ." ಎರಡು ದಿನದಲ್ಲಿ ಆಗುವ ದಾರಿ ಇಲ್ಲವೇ ಎಂದೆ. ಅವನು ಡ್ರಾಯರಿನಿಂದ ಸೋಪಿನ ಗಾತ್ರದ ಒಂದು ನೀಲಿ ಮುದ್ದೆ ತೆಗೆದು ತೋರಿಸಿದ. ಕಾರಿನ ಮೈಗೆ ಅಂಟಿಕೊಂಡದ್ದನ್ನು ಎಳೆದು ತೆಗೆಯುವ ಮಣ್ಣು. ಕೊಯಮತ್ತೂರಿನಲ್ಲಿ ದೊಡ್ಡ ಕಾರಿಗೆ ಹಾಕುತ್ತಾರಂತೆ.

"ಹಾಗಾದ್ರೆ ನೀನು ಹಾಕು."

"ಎನ್ನಿಂದಾಗಲ್ಲ ಪಾಟಿ. ಒಂದು ಬಾಗಿಲಿಗೆ ಅರ್ಧ ದಿನ ಹಿಡಿಯುತ್ತೆ. ಯಾರಿಗಿದೆ ತಾಳ್ಮೆ? ಬೆರಳಿಗೆ ಗೊತ್ತಾಗ್ಬೇಕು ಇದೆಲ್ಲ."

"ನಲವತ್ತು ವರ್ಷ ಎರಡೆಲೆ ಒಂದು ಮೊಗ್ಗು ಅಂತ ಕಿತ್ತಿದೀನಿ. ಇನ್ನೆಂಥ ಬೆರಳು ಬೇಕು ನಿನಗೆ?"

ಅವನು ನಕ್ಕು ಮುದ್ದೆ ಕೈಗಿಟ್ಟ. ಹೇಳಿಕೊಟ್ಟದ್ದು ಇಷ್ಟು. ಮೊದಲು ಚೆನ್ನಾಗಿ ತೊಳೆಯಬೇಕು. ಸೋಪಿನ ನೀರು ಸದಾ ಇರಬೇಕು, ಒಣಗಿದ್ದರ ಮೇಲೆ ತಿಕ್ಕಿದರೆ ಗೀರು ಬೀಳುತ್ತದೆ. ಒತ್ತಬಾರದು. ಮಣ್ಣು ಕೆಂಪಾದಾಗ ಮಡಿಸಿ ನಾದಿ ಹೊಸ ಮುಖ ತೆಗೆಯಬೇಕು. ನೆಲಕ್ಕೆ ಬಿದ್ದರೆ ಎಸೆದುಬಿಡಬೇಕು, ಅಂಟಿದ ಒಂದು ಕಲ್ಲುಪುಡಿ ಸಾಕು ಕಾರು ಹಾಳಾಗಲು. ಚುಕ್ಕೆ ಹೋಯಿತೋ ಇಲ್ಲವೋ ತಿಳಿಯಲು ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಬೇಕು. ಅದು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಸವರಿ ನೋಡಿದೆ. ಬರಿಗೈಗೆ ನುಣುಪಾಗಿ ಕಂಡಲ್ಲೂ ಚೀಲದೊಳಗಿನ ಬೆರಳಿಗೆ ಮರಳು ಸಿಕ್ಕಿತು.

ಮಣ್ಣನ್ನು ಎರಡು ಪಾಲು ಮಾಡಿ ಒಂದನ್ನು ಡಬ್ಬಿಯಲ್ಲಿಟ್ಟೆ. ಇರುವುದನ್ನೆಲ್ಲ ಒಮ್ಮೆಗೇ ಹೊರಗೆ ತೆಗೆಯುವ ಅಭ್ಯಾಸ ನನಗಿಲ್ಲ. ಮೊದಲು ಬಾಗಿಲ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ನೋಡಿದೆ. ಸೋಪಿನ ನೀರು ಚೆಲ್ಲಿ ಮುದ್ದೆಯನ್ನು ಹಗುರವಾಗಿ ಆಚೆ ಈಚೆ ಎಳೆದೆ. ಸರ್ ಸರ್ ಎಂದು ಸದ್ದು. ಇಪ್ಪತ್ತು ಸಲ ಎಳೆಯುವಷ್ಟರಲ್ಲಿ ಸದ್ದು ಸಣ್ಣದಾಯಿತು, ಆಮೇಲೆ ನಿಂತೇಹೋಯಿತು. ಒರೆಸಿದೆ. ಬೆಳ್ಳಗೆ, ಅಂಗೈಯಷ್ಟು. ಮಣ್ಣಿನ ಹೊಟ್ಟೆ ಕುಂಕುಮ ಹಚ್ಚಿದಂತೆ ಕೆಂಪು.

ಅಲ್ಲಿಂದ ನನಗೆ ದಾರಿ ತಿಳಿಯಿತು. ಕಣ್ಣು ಬೇಡ, ಕಿವಿ ಸಾಕು. ಸದ್ದು ಇದ್ದರೆ ಚುಕ್ಕೆ ಇದೆ, ಸದ್ದು ಸತ್ತರೆ ಮುಂದೆ ಹೋಗಬೇಕು. ಟೀ ಕೊಯ್ಯುವಾಗ ಒಂದು ಸಾಲು ಮುಗಿಸದೆ ಇನ್ನೊಂದಕ್ಕೆ ಕಾಲಿಡುವುದಿಲ್ಲವಲ್ಲ, ಹಾಗೆ ಬಾಗಿಲನ್ನು ಸಾಲು ಸಾಲಾಗಿ ಹಿಡಿದೆ. ಚಳಿಗೆ ಮಣ್ಣು ಕಲ್ಲಾಗುತ್ತಿತ್ತು, ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ ಮೆದು ಮಾಡಿಕೊಳ್ಳುತ್ತಿದ್ದೆ. ಶುಕ್ರವಾರ ಬೆಳಕಿರುವಷ್ಟರಲ್ಲಿ ಮುಂದಿನ ಬಾಗಿಲು ಮುಗಿಯಿತು. ಎಲೆ ಚೀಲ ಹೊತ್ತು ರಸ್ತೆಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವಳು ನಿಂತು, "ಏನಕ್ಕ, ಕಾರಿಗೆ ಎಣ್ಣೆ ನೀರು ಮಾಡಿಸ್ತಿದೀಯಾ, ಬಾಣಂತೀನಾ?" ಅಂದಳು. ನಿನ್ನ ಕೆಲಸ ನೋಡು ಅಂದೆ.

ಶನಿವಾರ ಹಿಂದಿನ ಬಾಗಿಲು, ಬಾನೆಟ್ಟು. ಮಧ್ಯಾಹ್ನ ಬೆರಳು ಮರಗಟ್ಟಿ ಮಣ್ಣು ಕೈಜಾರಿ ಅಂಗಳಕ್ಕೆ ಬಿತ್ತು. ಎತ್ತಿ ನೋಡಿದರೆ ಮೈತುಂಬ ಜಲ್ಲಿ. ತೊಳೆದರೆ ಸಾಲದೇ ಎಂದು ಮಗ ಕೇಳಿದ. ಮೂರು ತಗಡಿನ ಆಸೆಗೆ ಬಿದ್ದವಳು ಇನ್ನೊಂದಕ್ಕೆ ಬೀಳಲಿಲ್ಲ. ಅದನ್ನು ಬೇಲಿಯಾಚೆ ಎಸೆದು ಡಬ್ಬಿಯಲ್ಲಿದ್ದ ಪಾಲು ತೆಗೆದೆ.

ಭಾನುವಾರ ಬೆಳಿಗ್ಗೆ ಉಳಿದದ್ದು ಕನ್ನಡಿಯ ಹಿಂದಿನ ಜಾಗ. ಅಲ್ಲಿ ಬಣ್ಣ ಚುಕ್ಕೆಯಾಗಿ ಬಂದಿರಲಿಲ್ಲ, ಹನಿಹನಿಯಾಗಿ ಕೂತಿತ್ತು. ಏಳು ಹನಿ. ಮಣ್ಣು ಅದರ ಮೇಲೆ ಜಾರುತ್ತಿತ್ತು, ಹಿಡಿಯುತ್ತಿರಲಿಲ್ಲ. ಒತ್ತಲು ಹೋದರೆ ಗೀರು. ಗಂಟೆ ಒಂಬತ್ತೂವರೆ. ಮಂಡಿನೋವಿಗೆ ಹಚ್ಚುವ ನೀಲಗಿರಿ ಎಣ್ಣೆ ನೆನಪಾಯಿತು. ಬಾಟಲಿಯ ಮೇಲಿನ ಕಾಗದದ ಅಂಟನ್ನು ಅದು ಕರಗಿಸುವುದನ್ನು ಎಷ್ಟೋ ಸಲ ನೋಡಿದ್ದೆ. ಮತ್ತೆ ಬಾಗಿಲ ಕೆಳಗಿನ ಆ ಜಾಗದಲ್ಲೇ ಒಂದು ತೊಟ್ಟು ಹಾಕಿ ನೋಡಿದೆ, ಬಿಳಿ ಬಣ್ಣಕ್ಕೆ ಏನೂ ಆಗಲಿಲ್ಲ. ಬಟ್ಟೆಯ ತುದಿಯನ್ನು ಎಣ್ಣೆಗೆ ಅದ್ದಿ ಒಂದು ಹನಿಯ ಮೇಲಿಟ್ಟು ಇಪ್ಪತ್ತು ಎಣಿಸಿದೆ. ಸೋಪಿನ ನೀರು, ಆಮೇಲೆ ಮಣ್ಣು. ಹನಿ ಮೆದುವಾಗಿ, ಎಮ್ಮೆಯ ಮೈಯಿಂದ ಉಣ್ಣಿ ಕಿತ್ತು ಬಂದಂತೆ ಬಂತು. ಒಂದೊಂದನ್ನೇ ಹಿಡಿದು ಏಳನ್ನೂ ತೆಗೆದೆ. ಹತ್ತೂವರೆಗೆ ಇಡೀ ಮಗ್ಗುಲನ್ನು ತೊಳೆದು ಒರೆಸಿ, ಕೈಗೆ ಚೀಲ ಹಾಕಿ ಈ ತುದಿಯಿಂದ ಆ ತುದಿಗೆ ಸವರಿದೆ. ಎಲ್ಲೂ ತಡೆಯಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ನುಣುಪಾದದ್ದನ್ನು ನಾನು ಮುಟ್ಟಿಲ್ಲ, ಅದನ್ನು ಮಾಡಿದ್ದು ನನ್ನ ಕೈ.

ಹನ್ನೊಂದಕ್ಕೆ ಸರಿಯಾಗಿ ಬೀಗಿತ್ತಿ, ಅಳಿಯ, ಮಗಳು ಬಸ್ಸಿಳಿದು ಬಂದರು. ಮಗಳ ಮುಖ ಸುಣ್ಣ. ಬೀಗಿತ್ತಿ ಕಾರಿನ ಹತ್ತಿರ ಬಂದವಳೇ ಮೂಗೆಳೆದಳು.

"ಏನು ತೈಲದ ವಾಸನೆ, ಬೀಗ್ರೇ?"

"ಎನ್ನ ಮಂಡಿಯ ಎಣ್ಣೆ. ನಿಮ್ಮ ಕಾರಿಗೆ ಎಮ್ಮ ಮಾಡಿನ ಬಣ್ಣ ಹೊಡೆದಿದ್ದೆ. ತೆಗೆದೆ."

ಅವಳು ನಗಲಿಲ್ಲ. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. "ಎಲ್ಲಿ?"

"ನೀವೇ ಹುಡುಕಿ."

ಬಾಗಿಲ ಹತ್ತಿರ ಮೂಗು ತಾಗುವಷ್ಟು ಬಗ್ಗಿ, ಬಾನೆಟ್ಟಿನಿಂದ ಹಿಂದಿನ ದೀಪದವರೆಗೆ ನಡೆದಳು. ಏನೂ ಸಿಗಲಿಲ್ಲ. ಆಚೆ ಮಗ್ಗುಲಿಗೆ ಹೋಗಿ ಅಲ್ಲೂ ಹುಡುಕಿದಳು, ಕೈಯಾಡಿಸಿದಳು. ಮತ್ತೆ ಈಚೆ ಬಂದು ಕೈಯಾಡಿಸಿದಳು.

"ಈ ಕಡೆ ಬೆಣ್ಣೆ, ಆ ಕಡೆ ಒರಟು. ಆ ಕಡೆಗೇ ಬಣ್ಣ ಹೊಡೆದಿರಿ, ಅಲ್ಲವಾ?"

"ಆ ಕಡೆ ನಾನು ಮುಟ್ಟೇ ಇಲ್ಲೆ. ಅದು ನಿಮ್ಮ ದಾರಿಯ ಧೂಳು."

ಅಳಿಯ ನಕ್ಕುಬಿಟ್ಟ. ಬೀಗಿತ್ತಿ ಅವನನ್ನು ಒಂದು ಸಲ ನೋಡಿ ಕಾರು ಹತ್ತಿದಳು. ಹೊರಡುವಾಗ ಕಿಟಕಿ ಇಳಿಸಿ, "ಆ ಕಡೆಗೂ ಮಾಡಿಕೊಡಿ, ಬೀಗ್ರೇ" ಅಂದಳು.

"ಮಣ್ಣು ತನ್ನಿ. ಹೇಳಿಕೊಡ್ತೀನಿ. ತಿಕ್ಕೋದು ನೀವು."

ಗೃಹಪ್ರವೇಶ ಮುಗಿಸಿ ಅಳಿಯ ಕಾರನ್ನು ಮತ್ತೆ ನಮ್ಮ ಅಂಗಳದಲ್ಲೇ ತಂದು ನಿಲ್ಲಿಸಿದ. ಬೀಗಿತ್ತಿ ಬರುವುದಿಲ್ಲ ಅಂದುಕೊಂಡೆ. ಮುಂದಿನ ಶನಿವಾರ ಬಂದಳು, ಹೊಸ ಮಣ್ಣಿನ ಡಬ್ಬಿ ಹಿಡಿದು, ಸೊಸೆಯನ್ನೂ ಕರೆದುಕೊಂಡು. ಸೆರಗು ಸಿಕ್ಕಿಸಿ ಬಲಗಡೆಯ ಬಾಗಿಲ ಮುಂದೆ ಮಣೆ ಹಾಕಿ ಕೂತಳು. ನಾನು ಕಟ್ಟೆಯ ಮೇಲೆ ಕೂತೆ.

"ಹಗುರವಾಗಿ. ನೀರು ಹಾಕಿ."

"ಗೊತ್ತು."

"ಗೊತ್ತಿದ್ರೆ ಸದ್ದು ಯಾಕೆ ಬರ್ತಿದೆ?"

ಒಂದು ಗಂಟೆ ತಿಕ್ಕಿದಳು. ಸೋಲುವ ಹೆಂಗಸಲ್ಲ, ಅದನ್ನು ಒಪ್ಪಿದೆ. ಆಮೇಲೆ ಹಣೆಯ ಬೆವರು ಒರೆಸಿ ನನ್ನ ಮಗಳನ್ನು ಕರೆದಳು. "ಎನ್ನ ಬೆರಳಿಗೆ ತಿಳೀತಿಲ್ಲ. ನಿನ್ನದು ಅವ್ವೆಯ ಕೈ. ನೋಡು, ಹೋಯಿತಾ?"

ಮಗಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾಗಿಲನ್ನು ಮೇಲಿನಿಂದ ಕೆಳಗೆ, ಸಾಲು ಬಿಡದೆ ಸವರಿದಳು. ಕೀಲಿಯ ತೂತಿನ ಹತ್ತಿರ ಕೈ ನಿಂತಿತು.

"ಇಲ್ಲಿ ಇನ್ನೂ ಇದೆ, ಅತ್ತೆ" ಅಂದಳು. "ಮತ್ತೆ ತಿಕ್ಕಿ."

ಬೀಗಿತ್ತಿ ಮಣ್ಣು ಮಡಿಸಿ, ನೀರು ಚೆಲ್ಲಿ, ಮತ್ತೆ ತಿಕ್ಕಿದಳು.