ಓದದೆ ಹಾಕಿದ ಸೊನ್ನೆ

ತೆಲಂಗಾಣ ಚಳವಳಿಯ ಬಂದ್‌ನಿಂದ ಕರ್ನಾಟಕದ ಗಡಿಗಂಟಿದ ನಾರಾಯಣಖೇಡದ ಬಸ್ಸುಗಳು ನಿಂತುಹೋಗಿ, ಹತ್ತನೇ ತರಗತಿಯ ಗಣಿತ ಮೌಲ್ಯಮಾಪನ ಶಿಬಿರಕ್ಕೆ ನಾನು ಒಂದು ದಿನ ತಡವಾಗಿ ಹೋದೆ. ಕನ್ನಡ ಮಾಧ್ಯಮದ ಉತ್ತರಪತ್ರಿಕೆಗಳನ್ನು ತಿದ್ದಬೇಕಾಗಿದ್ದವನು ನಾನು. ನೋಡಿದರೆ ಅವು ಜಹೀರಾಬಾದಿನ ತೆಲುಗು ಮಾಧ್ಯಮದ ಮೇಷ್ಟ್ರೊಬ್ಬರ ಮೇಜಿನ ಮೇಲಿದ್ದವು. ಶಿಬಿರದ ಅಧಿಕಾರಿಯನ್ನು ಕೇಳಿದೆ.

"ಗಣಿತಕ್ಕ ಯಾವ ಭಾಷಾರಿ? ಅಂಕಿ ಎಲ್ಲಾ ಒಂದೇ ಅಲ್ಲೇನ್ರಿ?" ಎಂದು ನಕ್ಕರು. ನನಗೆ ಮೈ ಉರಿದುಹೋಯಿತು.

ಒಂದು ಪತ್ರಿಕೆ ಎತ್ತಿಕೊಂಡು ನೋಡಿದೆ. ಲೆಕ್ಕಗಳಿಗೆಲ್ಲ ಹಂತಹಂತಕ್ಕೂ ಅಂಕ ಬಿದ್ದಿತ್ತು. ಪ್ರಮೇಯದ ಚಿತ್ರಕ್ಕೂ ಅಂಕವಿತ್ತು. ಅದರ ಕೆಳಗೆ ಕನ್ನಡದ ವಾಕ್ಯಗಳಲ್ಲಿ ಬರೆದ ಪ್ರಮೇಯದ ಸಾಧನೆಗೆ ಮಾತ್ರ ಕೆಂಪು ಸೊನ್ನೆ.

"ಇದಕ್ಕ ಯಾಕ್ರಿ ಸೊನ್ನಿ?" ಎಂದು ಮೇಷ್ಟ್ರನ್ನು ದಬಾಯಿಸಿದೆ.

ಅವರು ತಲೆ ತಗ್ಗಿಸಿದರು. "ಮನ್ಯಾಗ ನಾವೂ ಕನ್ನಡಾನೇ ಮಾತಾಡ್ತೀವ್ರಿ. ಓದಾಕ ಬರಂಗಿಲ್ಲ."

ಆ ಸಾಧನೆಯನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಬಿಳಿಚಿಕೊಂಡಿತು. "ಪೂರಾ ಸರಿ ಅದಲ್ರಿ ಇದು!" ಎಂದು ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟರು.

ನಾನು ಮುಂದಿನ ಪತ್ರಿಕೆಗೆ ಕೈ ಚಾಚಿದೆ. ಅವರು ಕೊಡಲಿಲ್ಲ, ಬಾಗಿಲ ಕಡೆ ನೋಡುತ್ತ ಕುಳಿತಿದ್ದರು.

"ನಿನ್ನಿ ತಿದ್ದಿದ ಕನ್ನಡದ ಕಟ್ಟುಗೋಳು ಸೀಲ್ ಆಗಿ ಹೋಗ್ಯಾವಲ್ರಿ" ಎಂದರು.

ಹೊರಗೆ ರಸ್ತೆಯಲ್ಲಿ ಚಳವಳಿಯ ಮೆರವಣಿಗೆ ಹೋಗುತ್ತಿತ್ತು. ನಮ್ಮ ಮಾತಿಗೂ ಮರ್ಯಾದೆ ಬೇಕು ಎಂದು ಜನ ತೆಲುಗಿನಲ್ಲಿ ಕೂಗುತ್ತಿದ್ದರು.