ಫಲಕದಲ್ಲಿ ನಾನು ಓದದೆ ಬಿಟ್ಟದ್ದು

ನಡೆಯಲು ದಾರಿಯೇ ಇಲ್ಲದ ಊರಿನಲ್ಲಿ ಮನುಷ್ಯರು ತಮ್ಮ ಅಭಿಪ್ರಾಯಗಳನ್ನು ಎಷ್ಟು ದಿನ ಉಳಿಸಿಕೊಳ್ಳಬಲ್ಲರು? ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ಗೆ ಬಂದ ಮರುದಿನವೇ ಹಾಲು ತರಲು ನಡೆದು ಹೊರಟೆ. ಅರ್ಧದಲ್ಲೇ ಕಾಲುದಾರಿ ಮುಗಿಯಿತು. ಅಂಗಡಿ ಎದುರಿಗೇ ಇತ್ತು. ನಡುವೆ ಆರು ಸಾಲು ವಾಹನಗಳು. ಹೆಂಗಸೊಬ್ಬಳು ಕಾರು ನಿಲ್ಲಿಸಿ, ಅಪಘಾತವಾಯಿತೇ ಎಂದು ಕೇಳಿದಳು. ಮೈಸೂರಿನಲ್ಲಿ ನಡೆಯುವವರನ್ನು ಕಂಡು ಯಾರೂ ಮರುಗಿದ್ದಿಲ್ಲ.

ವಾಹನ ಚಾಲನೆಯ ಪರೀಕ್ಷೆಯಲ್ಲಿ ಎರಡು ಸಲ ಸೋತೆ. ಸಹೋದ್ಯೋಗಿ ಸುಮಕ್ಕ ತಮ್ಮ ಮನೆಯಲ್ಲಿ ಕೋಣೆ ಬಾಡಿಗೆಗೆ ಕೊಟ್ಟು, ತಮ್ಮ ಕಾರಿನಲ್ಲೇ ಕೆಲಸಕ್ಕೂ ಕರೆದೊಯ್ದರು. ಜರ್ಮನಿಯ ಒಂದು ದುಬಾರಿ ಕಾರು ಕಂಪನಿಗೆ ಆಸನದ ಹೊದಿಕೆ ಒದಗಿಸುವ ಸಣ್ಣ ಸಂಸ್ಥೆ ನಮ್ಮದು. ಇಲ್ಲಿನವರು ಬೆಳಗಿನಲ್ಲಿ ತಿನ್ನುವ ಗ್ರಿಟ್ಸ್, ಅಂದರೆ ಮೆಕ್ಕೆಜೋಳದ ನುಚ್ಚಿನ ಗಂಜಿ, ಉಪ್ಪಿನಕಾಯಿಯ ಜೊತೆ ಚೆನ್ನಾಗಿಯೇ ಇಳಿಯುತ್ತದೆಂದು ಕಲಿತದ್ದು ನನ್ನ ದೊಡ್ಡ ಗೆಲುವು.

ಕಳೆದ ಬೇಸಿಗೆಯಲ್ಲಿ ಸುಮಕ್ಕನ ತಂದೆ ರಂಗಪ್ಪನವರು ಬಂದರು. ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತರಾದವರು. ಇಲ್ಲಿ ಅಪ್ಪ ಅಮ್ಮಂದಿರು ಬಂದರೆ ತೋರಿಸುವುದಕ್ಕೆ ಇರುವುದೇ ಎರಡು ಮೂರು ಜಾಗ. ಅವುಗಳಲ್ಲಿ ಆ ಜರ್ಮನ್ ಕಂಪನಿಯದೇ ಹಳೆಯ ಕಾರುಗಳ ಒಂದು ಸಂಗ್ರಹಾಲಯವೂ ಸೇರಿದೆ. ಅಲ್ಲಿನ ಇಂಗ್ಲಿಷ್ ಫಲಕಗಳನ್ನು ಅವರಿಗೆ ಕನ್ನಡದಲ್ಲಿ ಹೇಳುವ ಹೊಣೆ ನನಗೆ ಬಂತು.

“ಅಪ್ಪಂಗೆ ಹೆಮ್ಮೆ ಆಗೋ ಥರ ಹೇಳು, ಓಕೆನಾ? ನಮ್ಮ ಕಂಪನಿ ಅಂತ ಊರೆಲ್ಲಾ ಫೋನ್ ಮಾಡಿ ಹೇಳ್ಕೊಂಡಿದ್ದಾರೆ,” ಎಂದರು ಸುಮಕ್ಕ.

ಹೇಳಿದೆ. ಕಂಪನಿ ವಿಮಾನದ ಎಂಜಿನ್‌ನಿಂದ ಮೊದಲುಗೊಂಡದ್ದು, ಆಮೇಲೆ ಮೋಟಾರ್‌ಸೈಕಲ್, ಕಾರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರು ಮಾಡಲಾಗದೆ ಅಡುಗೆಯ ಪಾತ್ರೆ ಮಾಡಿ ಬದುಕಿದ್ದು.

“ಪಾತ್ರೆನಾ! ಭೇಷ್,” ಎಂದು ನಕ್ಕ ರಂಗಪ್ಪನವರು, ಯುದ್ಧಕಾಲದ ಫಲಕದ ಮುಂದೆ ಮತ್ತೆ ಬಂದು ನಿಂತರು. “ಬೋರ್ಡು ಇಷ್ಟುದ್ದ ಇದೆ, ನೀನು ಹೇಳಿದ್ದು ಒಂದೇ ಮಾತು. ಇಂಗ್ಲಿಷು ಅಷ್ಟೊಂದು ವಾಚಾಳಿನೇನಮ್ಮ?”

“ಬಿಡಪ್ಪ, ಅವಳಿಗೆ ಸುಸ್ತಾಗಿದೆ,” ಎಂದರು ಸುಮಕ್ಕ, ನನ್ನನ್ನೇ ನೋಡುತ್ತಾ.

ಯುದ್ಧದಲ್ಲಿ ಎಂಜಿನ್ ಮಾಡಿದವರಲ್ಲಿ ಅನೇಕರು ಬಲವಂತವಾಗಿ ಹಿಡಿದು ತಂದವರು, ಸೆರೆಶಿಬಿರದ ಕೈದಿಗಳು ಎಂದು ಅಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಇಂಗ್ಲಿಷಿನಲ್ಲಿ ಯಾರೂ ಮುಚ್ಚಿಡದ ಸತ್ಯವನ್ನು ಕನ್ನಡದಲ್ಲಿ ಮುಚ್ಚಿಟ್ಟವಳು ನಾನು. ಕಾಲೇಜಿನ ಚರ್ಚಾಕೂಟದಲ್ಲಿ, ಇತಿಹಾಸವನ್ನು ಕತ್ತರಿಸುವವರು ಅನ್ಯಾಯದ ಪಾಲುದಾರರೆಂದು ವಾದಿಸಿ ಬಹುಮಾನ ಪಡೆದಿದ್ದೆ. ಆ ವೇದಿಕೆಯಿಂದ ಮನೆಗೆ ಹೋಗಲು ಯಾರ ಕಾರೂ ಬೇಕಿರಲಿಲ್ಲ.

“ತಪ್ಪಾಯ್ತು ಅಂಕಲ್,” ಎಂದು ಪೂರ್ತಿ ಓದಿ ಹೇಳಿದೆ.

ಅವರು ಪಕ್ಕದಲ್ಲಿಟ್ಟಿದ್ದ ಆ ಕಾಲದ ಎಂಜಿನ್ನಿನತ್ತ ಬಾಗಿದರು. “ಫಿನಿಷಿಂಗ್ ನೋಡು, ಹೊಟ್ಟೆಗಿಲ್ಲದೋರ ಕೈಯಿಂದ ಬಂದಿರೋದು. ಎಂಜಿನಿಯರ್‌ಗಳ ಹೆಸರೆಲ್ಲಾ ಹಾಕವ್ರೆ. ಇವರ ಹೆಸರು?”

“ಇಲ್ಲ ಅಂಕಲ್.”

“ಕೆಲಸ ಬಿಡು ಅಂತಿಲ್ಲ ಸುಮಾ. ತಿಳ್ಕೊಂಡು ಮಾಡು.”

“ಹೊಟ್ಟೆ ತುಂಬಿತಾ ನಿಂಗೆ?” ಎಂದು ಸುಮಕ್ಕ ಕೇಳಿದ್ದು ನನ್ನನ್ನು. “ಸೋಮವಾರದಿಂದ ರೈಡ್ ನೀನೇ ನೋಡ್ಕೋ.”

ಈಗ ನಾನು ಸುಮಕ್ಕನ ಮನೆ ಬಿಟ್ಟು ಬೇರೊಂದು ಕೋಣೆಯಲ್ಲಿದ್ದೇನೆ. ಎರಡು ಬಸ್ಸು ಬದಲಿಸಿ, ಉಳಿದದ್ದನ್ನು ರಸ್ತೆಯಂಚಿನ ಹುಲ್ಲಿನ ಮೇಲೆ ನಡೆದು, ಅದೇ ಆಸನದ ಹೊದಿಕೆಗಳ ಹೊಲಿಗೆಯನ್ನು ಪರೀಕ್ಷಿಸುತ್ತೇನೆ. ಸರಿಯಾದದ್ದನ್ನು ಮಾಡಿದೆನೆಂಬ ಹಗುರವೇನೂ ಇಲ್ಲ, ದಣಿವಿದೆ. ವಾದ ಮಾಡಿದವಳು ಮೈಸೂರಿನವಳು, ಮೌನವಾಗಿದ್ದವಳು ಇಲ್ಲಿಯವಳು ಎಂದು ಹಂಚಿಬಿಡುವುದು ಸುಲಭವಿತ್ತು. ಆದರೆ ಆ ದಿನ ಮುಚ್ಚಿಟ್ಟ ಬಾಯಿ, ಓದಿ ಹೇಳಿದ ಬಾಯಿ ಎರಡೂ ಮಾತಾಡಿದ್ದು ಕನ್ನಡವನ್ನೇ.

ನಿಮ್ಮನ್ನು ನೋಡಲು ಹಿರಿಯರು ಬಂದಾಗ, ದಯವಿಟ್ಟು ಫಲಕಗಳನ್ನು ಅವರಿಗೆ ಪೂರ್ತಿಯಾಗಿ ಓದಿ ಹೇಳಿ.